ಸಂಡೂರು ಘಾಟಿಯ ತಿರುವಿನ ಬಗ್ಗೆ ತ್ರಿವೇಣಿ ಕೊಟ್ಟ ಹೇಳಿಕೆ

ಹೆಸರು: ತ್ರಿವೇಣಿ, ಗಂಡ ವೀರೇಶ್. ವಯಸ್ಸು: 36 ವರ್ಷ. ಉದ್ಯೋಗ: ಪ್ರವಾಸಿಗರಿಗೆ ವಸತಿ ಮತ್ತು ಕಾರಿನ ಏರ್ಪಾಡು. ವಾಸ: ಕಮಲಾಪುರ, ಹೊಸಪೇಟೆ ತಾಲ್ಲೂಕು.

ಮೇಲ್ಕಂಡ ನಾನು ಈ ದಿನ ಸ್ವಇಚ್ಛೆಯಿಂದ ಠಾಣೆಗೆ ಬಂದು ತಿಳಿಸುವುದೇನೆಂದರೆ, ಹಂಪಿಗೆ ಬರುವವರಿಗೆ ನಮ್ಮ ಮನೆಯ ಮೇಲಿನ ಎರಡು ಕೋಣೆ ಬಾಡಿಗೆಗೆ ಕೊಡುತ್ತೇವೆ. ಸ್ವಂತ ಕಾರಿದೆ. ಓಡಿಸುವುದು ನನ್ನ ಗಂಡ, ವಯಸ್ಸು 42. ದಾರಿ ಗೊತ್ತುಮಾಡಿ, ತಂಗುವ ಜಾಗ ನೋಡಿ, ಕಾಗದದಲ್ಲಿ ಬರೆದುಕೊಡುವುದು ನನ್ನ ಕೆಲಸ. ಮದುವೆಗೆ ಮುಂಚೆ ನನ್ನ ಗಂಡ ಅದಿರಿನ ಲಾರಿ ಓಡಿಸುತ್ತಿದ್ದರು.

ದಿನಾಂಕ 05-10-2024ರಂದು ಬೆಂಗಳೂರಿನಿಂದ ನಾಲ್ವರು ಫೋನ್ ಮಾಡಿ ನಾಲ್ಕು ದಿನದ ಪ್ರವಾಸ ಕೇಳಿದರು. ಮೊದಲ ದಿನ ಸಂಡೂರಿನ ಕಾಡು, ಎರಡನೆಯ ದಿನ ಕೊಪ್ಪಳದ ಕಡೆ ದ್ರಾಕ್ಷಿ ಬೆಳೆದು ವೈನ್ ಮಾಡುವ ತೋಟ, ಮೂರನೆಯ ದಿನ ಯಲ್ಲಾಪುರದ ಕಾಡು, ಕೊನೆಯ ದಿನ ಕಾರವಾರದ ಸಮುದ್ರ ಎಂದು ನಾನು ಬರೆದೆ. ನನ್ನ ಗಂಡ ಅದನ್ನು ಓದಿ ಸಂಡೂರನ್ನು ಪೆನ್ನಿನಿಂದ ಹೊಡೆದು ಹಾಕಿದರು. "ಅಲ್ಲೇನೈತಿ, ಕೆಂಪು ಧೂಳು ಬಿಟ್ರ. ದರೋಜಿಗೆ ಕರಕೊಂಡು ಹೋಗೂಣು, ಕರಡಿ ನೋಡ್ಲಿ" ಅಂದರು. ಮಳೆ ಮುಗಿದ ಮೇಲಿನ ಹಸಿರು ನೋಡಲಿಕ್ಕೇ ಅವರು ಬರುತ್ತಿರುವುದು ಎಂದು ನಾನು ಪುನಃ ಬರೆದೆ. ಮತ್ತೆ ಹೊಡೆದು ಹಾಕಿದರು. ಮೂರನೆಯ ಸಲ ಕಾಗದವನ್ನೇ ಹರಿದರು. ಮದುವೆಯಾಗಿ ಹನ್ನೊಂದು ವರ್ಷವಾದರೂ ಆ ಘಾಟಿಯಲ್ಲಿ ಅವರು ನನ್ನನ್ನು ಒಮ್ಮೆಯೂ ಕರೆದುಕೊಂಡು ಹೋಗಿಲ್ಲ. ಸಂಡೂರಿನಲ್ಲಿ ಮದುವೆಯಿದ್ದರೂ ತೋರಣಗಲ್ಲಿನ ಮೇಲೆ ಸುತ್ತು ಹಾಕುತ್ತಿದ್ದರು. ಕಾರಣ ಕೇಳಿದರೆ ಹೇಳುತ್ತಿರಲಿಲ್ಲ.

ದಾರಿಯನ್ನು ಒಮ್ಮೆ ನೋಡಿ ಬರೋಣ, ಚೆನ್ನಾಗಿಲ್ಲದಿದ್ದರೆ ಬಿಡೋಣ ಎಂದು ಹಟ ಮಾಡಿದವಳು ನಾನೇ. ದಿನಾಂಕ 19-10-2024ರಂದು ಬೆಳಿಗ್ಗೆ 9.05ಕ್ಕೆ ಹೊರಟೆವು. ಕಾರು ಅವರೇ ಓಡಿಸಿದರು. 10.12ಕ್ಕೆ, ಘಾಟಿಯ ಒಂದು ತಿರುವಿನಲ್ಲಿ, ಖಾಲಿ ರಸ್ತೆಯಲ್ಲಿ, ಇದ್ದಕ್ಕಿದ್ದಂತೆ ಬ್ರೇಕ್ ಹಾಕಿದರು. ನನ್ನ ಹಣೆ ಮುಂದಕ್ಕೆ ಬಡಿಯಿತು. ಯಾಕೆಂದು ಕೇಳಿದೆ. "ಪಕ್ಕಕ್ಕ ನಿಂತಾಳಲ್ಲ, ಕಾಣವಲ್ದೇನು?" ಅಂದರು. ನಾನು ಇಳಿದು ಎರಡೂ ಕಡೆ ನೋಡಿದೆ. ಯಾರೂ ಇರಲಿಲ್ಲ. ಗಾಳಿಯೂ ಇರಲಿಲ್ಲ. ಹೀಗೆ ಖಾಲಿ ರಸ್ತೆಯಲ್ಲಿ ಬ್ರೇಕ್ ಹಾಕುವುದು ಅವರಿಗೆ ಮೊದಲಿನಿಂದಲೂ ಇದೆ. ನಿದ್ದೆಗೆಟ್ಟದ್ದರಿಂದ ಇರಬೇಕು ಅಂದುಕೊಂಡಿದ್ದೆ.

ಅಲ್ಲಿಂದ ಸುಮಾರು 300 ಮೀಟರ್ ಮುಂದೆ ಒಬ್ಬ ಹೆಂಗಸು ಗೋಣಿಚೀಲ ಹಾಸಿ ಸೀತಾಫಲ ಮಾರುತ್ತಿದ್ದಳು. ಹೆಸರು ಗಾಳೆಮ್ಮ, ವಯಸ್ಸು ಸುಮಾರು 60, ಘಾಟಿ ಕೆಳಗಿನ ಹುಣಸೆಹಟ್ಟಿಯವಳು ಎಂದು ಆಮೇಲೆ ತಿಳಿಯಿತು. ನಾನು ಇಳಿದು ಹಣ್ಣು ಕೊಂಡೆ. ಹೊರಡುವಾಗ ಆಕೆ, "ವಾಪಸ್ ಹೋಗುವಾಗ ಆ ಹಿಂದಿನ ತಿರುವಿನ್ಯಾಗ ಮೆಲ್ಲಕ ಹೋಗ್ರಿ ಯವ್ವಾ. ಅಲ್ಲಿ ನನ್ನ ಮಗಳದಾಳ" ಅಂದಳು. ಮನೆ ಅಲ್ಲಿದೆಯೇ ಎಂದು ಕೇಳಿದೆ. ಇಲ್ಲವೆಂದಳು. ಹದಿನಾಲ್ಕು ವರ್ಷದ ಹಿಂದೆ ಮಗಳು ಭಾಗ್ಯ, ಹದಿನೇಳು ವರ್ಷದವಳು, ಬೆಳಿಗ್ಗೆ ಹಣ್ಣು ತರಲು ಬಂದಿದ್ದಾಗ ಅದಿರಿನ ಲಾರಿ ಬಡಿಯಿತೆಂದೂ, ಯಾವ ಲಾರಿಯೆಂದು ಇದುವರೆಗೆ ಗೊತ್ತಾಗಿಲ್ಲವೆಂದೂ ಹೇಳಿದಳು. ತಾನು ಹೋಗಿ ನೋಡಿದಾಗ ಮಗಳು ರಸ್ತೆಯ ಬದಿಯಲ್ಲಿದ್ದಳು, ಆಕೆಯ ತಲೆಯ ಕೆಳಗೆ ಯಾರದೋ ಟವೆಲ್ಲನ್ನು ಮಡಚಿ ಇಟ್ಟಿತ್ತು ಎಂದೂ ಹೇಳಿದಳು. "ಯಾರೋ ಒಬ್ರು ಅಕಿ ಹತ್ರ ಇದ್ರು. ಅಷ್ಟ ಗೊತ್ತು ನನಗ" ಅಂದಳು. ಕಾರಿನ ಗಾಜು ಇಳಿಸಿತ್ತು. ನನ್ನ ಗಂಡ ಎಲ್ಲವನ್ನೂ ಕೇಳಿಸಿಕೊಂಡರು.

ನಾವು ಸಂಡೂರಿಗೆ ಹೋಗದೆ ಅಲ್ಲಿಂದಲೇ ತಿರುಗಿದೆವು. ಮನೆಗೆ ಬಂದು ಅವರು ಊಟ ಮಾಡಲಿಲ್ಲ. ಸಂಜೆ 7.30ಕ್ಕೆ ಅಡುಗೆಮನೆಗೆ ಬಂದು, ಆ ಟವೆಲ್ ತಮ್ಮದು ಎಂದು ಹೇಳಿದರು. 14-10-2010ರ ಬೆಳಿಗ್ಗೆ 6.10ರ ಸುಮಾರಿಗೆ ತಿರುವಿನಲ್ಲಿ ಹುಡುಗಿ ಎದುರಾದಳು, ಬ್ರೇಕ್ ಹಿಡಿಯಲಿಲ್ಲ. ಇಳಿದು ಎತ್ತಿ ಬದಿಗೆ ಮಲಗಿಸಿದರು. ಲಾರಿಯ ಮಾಲೀಕನಿಗೆ ಫೋನ್ ಮಾಡಿದರು. ಪರ್ಮಿಟ್ ಇಲ್ಲದ ಅದಿರು, ಅಲ್ಲಿ ನಿಲ್ಲಬೇಡ, ಗಾಡಿ ತೆಗೆದುಕೊಂಡು ಬಾ ಎಂದು ಮಾಲೀಕ ಹೇಳಿದ. ಹದಿನೈದು ನಿಮಿಷ ಇದ್ದು ಹೊರಟರು. "ಅವತ್ತಿಂದ ಅಕಿ ನನಗ ಕಾಣದ ದಿನಾನ ಇಲ್ಲ, ತ್ರಿವೇಣಿ" ಅಂದರು. ನಾನು ತೊಳೆದಿಟ್ಟ ಪಾತ್ರೆಗಳನ್ನು ಇನ್ನೊಮ್ಮೆ ತೊಳೆದೆ.

ಈ ದಿನ ಬೆಳಿಗ್ಗೆ 5.20ಕ್ಕೆ ಎಚ್ಚರವಾದಾಗ ಅವರು ಮನೆಯಲ್ಲಿರಲಿಲ್ಲ. ಫೋನು, ಕಾರಿನ ಕೀಲಿ ಮೇಜಿನ ಮೇಲಿದ್ದವು. ಮನೆಯ ಹಿಂದಿನ ಬಾವಿಯನ್ನು ಮೊದಲು ನೋಡಿದೆ. ಆಮೇಲೆ ಕಂಪ್ಲಿಯಲ್ಲಿರುವ ನಮ್ಮತ್ತೆ ಮರುಳಸಿದ್ದಮ್ಮನವರಿಗೆ ಫೋನ್ ಮಾಡಿದೆ. ಅಲ್ಲಿಗೆ ಬಂದಿಲ್ಲವೆಂದರು. ಯಾಕೆ ಎಂದು ಕೇಳಿದರು. ಡೀಸೆಲ್ ಹಾಕಿಸಲು ಹೋಗಿದ್ದಾರೆ ಎಂದು ಸುಳ್ಳು ಹೇಳಿದೆ. ಹೇಳುವಾಗ ಕಾರು ನನ್ನ ಎದುರಿಗೇ ನಿಂತಿತ್ತು.

ನಾನೇ ಕಾರು ಓಡಿಸಿಕೊಂಡು 7.15ಕ್ಕೆ ಘಾಟಿ ತಲುಪಿದೆ. ತಿರುವಿನಲ್ಲಿ ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ನನ್ನ ಗಂಡ ಗಾಳೆಮ್ಮನ ಗೋಣಿಚೀಲದ ಎದುರು ಬರೀ ನೆಲದ ಮೇಲೆ ಕುಳಿತಿದ್ದರು. ರಾತ್ರಿಯೇ ಹೊರಟು ಯಾವುದೋ ಲಾರಿ ಹತ್ತಿ ಬಂದಿದ್ದರೆಂದು ಆಮೇಲೆ ತಿಳಿಯಿತು. ಹಣ್ಣಿನ ಬುಟ್ಟಿ ಇನ್ನೂ ಬಿಚ್ಚಿರಲಿಲ್ಲ. ಹೇಳುವುದನ್ನೆಲ್ಲ ಅವರು ಹೇಳಿ ಮುಗಿಸಿದ್ದರು ಎಂದು ನೋಡಿದ ಕೂಡಲೇ ತಿಳಿಯಿತು. ನಾನು ಎರಡು ಮಾರು ದೂರದಲ್ಲಿ ನಿಂತೆ.

ಗಾಳೆಮ್ಮ ಬೈಯಲಿಲ್ಲ, ಅಳಲಿಲ್ಲ. "ನೀ ಹೋಗುವಾಗ ಉಸಿರು ಇತ್ತೇನು?" ಎಂದು ಕೇಳಿದಳು.

"ಇತ್ತು" ಎಂದು ನನ್ನ ಗಂಡ ಹೇಳಿದರು.

ಆಕೆ ಎದ್ದು ರಸ್ತೆ ದಾಟಿ, ನಮಗೆ ಬೆನ್ನು ಮಾಡಿ ನಿಂತಳು. ಹಾಗೆಯೇ ಸುಮಾರು ಇಪ್ಪತ್ತು ನಿಮಿಷ ನಿಂತಿದ್ದಳು. ಎರಡು ಬೈಕು, ಒಂದು ಬಸ್ಸು ಹೋದವು. ಬಸ್ಸಿನವನು ಹಾರ್ನ್ ಹಾಕಿದರೂ ಸರಿಯಲಿಲ್ಲ. ನನ್ನ ಗಂಡ ಏಳಲು ಹೋದರು, ನಾನು ಬೇಡವೆಂದು ಕೈ ಮಾಡಿದೆ. ಆಮೇಲೆ ಆಕೆ ತಿರುಗಿ ಬಂದು, ಮಗಳು ಏನಾದರೂ ಮಾತಾಡಿದಳೇ ಎಂದು ಕೇಳಿದಳು.

ನನ್ನ ಗಂಡ ಹೀಗೆ ಹೇಳಿದರು: "ಹಣ್ಣು ಚೆಲ್ಲ್ಯಾವು, ಅವ್ವ ಬೈತಾಳ ಅಂದ್ಲು. ನಾ ಎಲ್ಲಾ ಆರಿಸಿ ಬುಟ್ಟಿಗೆ ಹಾಕ್ದೆ. ಹಾಕೀನಿ ನೋಡು ಅಂತ ತೋರಿಸ್ದೆ."

ಗಾಳೆಮ್ಮ ಅವರ ಮುಖವನ್ನೇ ನೋಡಿ, "ನಾ ಬೈತಿದ್ದಿಲ್ಲ" ಅಂದಳು. ಇದನ್ನು ಆಕೆ ಮೂರು ಸಲ ಹೇಳಿದಳು. ಮೂರನೆಯ ಸಲ ಹೇಳಿದ್ದು ನಮ್ಮಿಬ್ಬರಿಗೂ ಅಲ್ಲ.

ಆಕೆ ಕ್ಷಮಿಸಿದ್ದೇನೆ ಎಂದು ಹೇಳಿಲ್ಲ. ನಾವು ಕೇಳಿಲ್ಲ. ಠಾಣೆಯ ಕಾಗದದಲ್ಲಿ ಅಪರಿಚಿತ ವಾಹನ ಎಂದಿದೆ, ಅಲ್ಲಿ ಹೆಸರು ಬರೆಸಬೇಕು ಎಂದಳು. ಮೂವರೂ ಒಂದೇ ಕಾರಿನಲ್ಲಿ ಬಂದೆವು. ನಾನು ಓಡಿಸಿದೆ. ನನ್ನ ಗಂಡ ಹಿಂದೆ ಕುಳಿತರು. ಠಾಣೆಗೆ 9.40ಕ್ಕೆ ತಲುಪಿದೆವು. ಬೆಂಗಳೂರಿನವರಿಗೆ ಪ್ರವಾಸ ಆಗುವುದಿಲ್ಲವೆಂದು ಠಾಣೆಯ ಹೊರಗಿನಿಂದ ಫೋನ್ ಮಾಡಿ ತಿಳಿಸಿದ್ದೇನೆ.

ಹೆಂಡತಿಯಾದ ನಾನು ಗಂಡನ ವಿಷಯದಲ್ಲಿ ಹೇಳಲೇಬೇಕೆಂಬ ಕಡ್ಡಾಯವಿಲ್ಲ ಎಂದು ನನಗೆ ತಿಳಿಸಿದ್ದಾರೆ. ತಿಳಿದೇ ಹೇಳಿದ್ದೇನೆ. ಬರೆದದ್ದನ್ನು ನನಗೆ ಓದಿ ಕೇಳಿಸಿದ್ದಾರೆ. ಇದರಲ್ಲಿ ನಾನು ಕೂಡಿಸಿದ್ದಿಲ್ಲ, ಮುಚ್ಚಿಟ್ಟದ್ದೂ ಇಲ್ಲ. ಎಲ್ಲವೂ ನಡೆದದ್ದು ನಡೆದ ಹಾಗೆ ಇದೆ.

ಸ್ಥಳ: ಸಂಡೂರು
ದಿನಾಂಕ: 20-10-2024, ಬೆಳಿಗ್ಗೆ 11.50
ಸಹಿ: ತ್ರಿವೇಣಿ