ಕೇಳದೆ ವಿದ್ಯುತ್ ಕೊಡದ ನೀರಜಾ

ಟ್ರಾಮು, ರೈಲುಗಳನ್ನು ಬದಲಿಸುತ್ತ, ಲಂಡನ್ನಿನ ಆ ತುದಿಯ ಕೊಲಿಂಡೇಲಿನಷ್ಟು ದೂರದಿಂದಲೂ ಈ ಭಾನುವಾರದ ಬೆಳಿಗ್ಗೆ ಕ್ರೋಯ್ಡನ್ನಿಗೆ ಬಂದಿರುವ ಬಂಧುಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ, ನೀರಜಾ ಅವರ ಪತಿ ಶ್ರೀ ಭಾರ್ಗವ ಅವರೇ, ಅವರ ಮಗಳು ಧೃತಿ — ಎಲ್ಲರಿಗೂ ನನ್ನ ನಮಸ್ಕಾರ.

ನಾನು ಚಂದ್ರಶೇಖರ್. ಇದೇ ಊರಿನ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೇಳು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ನಮ್ಮನ್ನು ಅಗಲಿದ ನೀರಜಾ ಅದೇ ಶಾಲೆಯ ನೆಟ್‌ವರ್ಕ್ ಮೇಲ್ವಿಚಾರಕಿ. ಹನ್ನೊಂದು ವರ್ಷ ನಾವು ಸಹೋದ್ಯೋಗಿಗಳು. ನಿಮ್ಮನ್ನು ಅಳಿಸಲೆಂದು ನಾನು ಇಲ್ಲಿ ನಿಂತಿಲ್ಲ. ಆಕೆ ಗೆದ್ದದ್ದನ್ನು ಹೇಳಲು ನಿಂತಿದ್ದೇನೆ. ಆ ಗೆಲುವಿಗೆ ಅಡ್ಡ ಬಂದವರಲ್ಲಿ ನಾನೂ ಒಬ್ಬ — ಅದನ್ನೂ ಹೇಳಿಯೇ ಕೂರುತ್ತೇನೆ.

ಏಳು ವರ್ಷಗಳ ಹಿಂದೆ ಶಾಲೆಯ ತಂತಿಗಳನ್ನೆಲ್ಲ ಹೊಸದಾಗಿ ಎಳೆದರು. ಫೋನು, ಕ್ಯಾಮೆರಾ, ಗೇಟಿನ ಬೀಗ — ಮಾಹಿತಿ ತರುವ ತೆಳ್ಳನೆಯ ನೆಟ್‌ವರ್ಕ್ ತಂತಿಯೇ ಇವುಗಳಿಗೆ ವಿದ್ಯುತ್ತನ್ನೂ ತರುವ ವ್ಯವಸ್ಥೆ. ಬೇರೆ ಪ್ಲಗ್ಗು ಬೇಡ. ಆದರೆ ಆ ವಿದ್ಯುತ್ತನ್ನು ಕೊಡುವವರು ಯಾರು, ಹೇಗೆ ಕೊಡುತ್ತಾರೆ? ಜಗಳ ಹುಟ್ಟಿದ್ದು ಅಲ್ಲಿ. ಗುತ್ತಿಗೆದಾರನೊಬ್ಬ ಅಗ್ಗದ ಪೆಟ್ಟಿಗೆಗಳನ್ನು ತಂದ. ತಂತಿಯ ಆ ತುದಿಯಲ್ಲಿ ಏನಿದೆ ಎಂದು ನೋಡದೆ, ಸದಾಕಾಲ ವಿದ್ಯುತ್ ಸುರಿಯುವ ಪೆಟ್ಟಿಗೆಗಳು. ನೀರಜಾ ‘ಆಗದು’ ಎಂದರು. ಅವರಿಗೆ ಬೇಕಾದದ್ದು, ಒಳಗೆ ನಿಯಂತ್ರಕವಿರುವ ನೆಟ್‌ವರ್ಕ್ ಸ್ವಿಚ್ಚು — ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆ.

ನಮ್ಮ ಹೆಡ್‌ಟೀಚರ್ ‘ತೋರಿಸಿ’ ಎಂದರು. ನೀರಜಾ ಒಂದು ಹಳೆಯ ಪ್ರಿಂಟರನ್ನು ಮೇಜಿನ ಮೇಲಿಟ್ಟು, ತಮ್ಮ ಸ್ವಿಚ್ಚಿನ ತಂತಿಯನ್ನು ಅದಕ್ಕೆ — ಹೀಗೆ — ಚುಚ್ಚಿದರು. ನಾವೆಲ್ಲ ಕಾದೆವು. ಏನೂ ಆಗಲಿಲ್ಲ. ಇನ್ನೂ ಕಾದೆವು. ಏನೂ ಆಗಲಿಲ್ಲ.

ನಾನು ಪಕ್ಕಕ್ಕೆ ಬಾಗಿ ಕೇಳಿದೆ: “ಏನಮ್ಮಾ, ಕೆಟ್ಟುಹೋಯ್ತಾ?”

“ಇಲ್ಲ ಮೇಷ್ಟ್ರೇ. ಏನೂ ಆಗ್ಲಿಲ್ವಲ್ಲ, ಅದೇ ಪ್ರದರ್ಶನ!”

ಅನಂತರ ಗುತ್ತಿಗೆದಾರನ ಪೆಟ್ಟಿಗೆಯಿಂದ ಅದೇ ಪ್ರಿಂಟರಿಗೆ ತಂತಿ ಚುಚ್ಚಿದರು. ಎರಡು ನಿಮಿಷದಲ್ಲಿ ಹೊಗೆ. ಹೆಡ್‌ಟೀಚರ್ ಕಿಟಕಿ ತೆರೆಯಲು ಓಡಿದರು.

ಆ ದಿನ ನೀರಜಾ ನನಗೆ ಪಾಠ ಮಾಡಿದರು. ನಿಯಂತ್ರಕ ಮೊದಲು ಹತ್ತು ವೋಲ್ಟಿಗಿಂತ ಕಡಿಮೆ ಒತ್ತಡದಲ್ಲಿ ತಂತಿಯನ್ನು ಮೆಲ್ಲಗೆ ತಟ್ಟಿ ನೋಡುತ್ತದೆ — ಆಚೆ ಇರುವವರು ಯಾರು? ವಿದ್ಯುತ್ ಪಡೆಯಲೆಂದೇ ಮಾಡಿದ ಉಪಕರಣವಾದರೆ ಅದರಲ್ಲೊಂದು ಗೊತ್ತಾದ ಗುರುತು ಇರುತ್ತದೆ. ಗುರುತು ಸಿಗದಿದ್ದರೆ ಕೊಡುವುದಿಲ್ಲ. ಸಿಕ್ಕರೆ, ನಿನಗೆ ಎಷ್ಟು ಬೇಕು ಎಂದು ಕೇಳುತ್ತದೆ. ಕೇಳಿದ ಮೇಲೂ ಒಮ್ಮೆಗೇ ಸುರಿಯದೆ ಏರಿಸುತ್ತ ಕೊಡುತ್ತದೆ. ಕೊಟ್ಟ ಮೇಲೆ ಕಣ್ಣಿಟ್ಟಿರುತ್ತದೆ: ಮಿತಿ ಮೀರಿ ಎಳೆದರೆ ಕಡಿಯುತ್ತದೆ, ತಂತಿ ಕಿತ್ತರೆ ನಿಲ್ಲಿಸುತ್ತದೆ. ಸಭ್ಯತೆಗೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಇಪ್ಪತ್ತೇಳು ವರ್ಷದಲ್ಲಿ ಯಾವ ತರಗತಿಯಲ್ಲೂ ಕೊಟ್ಟಿಲ್ಲ.

ಹೆಡ್‌ಟೀಚರ್ ಒಂದು ಅವಧಿಯ ಮಟ್ಟಿಗೆ ಒಪ್ಪಿದರು. ಡಿಸೆಂಬರಿನೊಳಗೆ ಒಂದು ಲೋಪ ಕಂಡರೂ ಗುತ್ತಿಗೆದಾರನೇ ಬರುತ್ತಾನೆ, ನೀರಜಾ ಅವರ ಹುದ್ದೆಯೂ ಅವನ ಕಂಪನಿಯ ಪಾಲಾಗುತ್ತದೆ ಎಂಬ ಷರತ್ತಿನೊಂದಿಗೆ.

ಈಗ — ನನ್ನ ಪಾತ್ರ.

ಮುಖ್ಯ ವಿದ್ಯುತ್ ಹೋದರೆ ಸ್ವಿಚ್ಚಿಗೆ ಬ್ಯಾಟರಿಯಿಂದ ಸಿಗುವುದು ಮೂರರಲ್ಲಿ ಒಂದು ಪಾಲು. ಆಗ ಯಾರಿಗೆ ಕೊಡಬೇಕು, ಯಾರನ್ನು ಬಿಡಬೇಕು ಎಂದು ನಿಯಂತ್ರಕಕ್ಕೆ ಮೊದಲೇ ಹೇಳಿಡಬೇಕು. ನೀರಜಾ ಸ್ವಿಚ್ಚಿನಲ್ಲಿ ತಂತಿ ಚುಚ್ಚುವ ಒಂದೊಂದು ಕಿಂಡಿಗೂ ಒಂದೊಂದು ಸ್ಥಾನ ಕೊಟ್ಟರು. ಒಂದನೆಯ ಕಿಂಡಿ, ನೆಲಮಾಳಿಗೆಯಲ್ಲಿದ್ದ, ಹುಷಾರಿಲ್ಲದ ಮಕ್ಕಳ ಆರೈಕೆ ಕೊಠಡಿಯ ಫೋನಿಗೆ. ಎರಡನೆಯದು ಗೇಟಿಗೆ. ನಲವತ್ತೆಂಟನೆಯದು, ಅಂದರೆ ಕಟ್ಟಕಡೆಯದು, ಗ್ರಂಥಾಲಯದ ಗೋಡೆಯಲ್ಲಿ ದಿನಕ್ಕೊಂದು ಪದವನ್ನು ತೋರಿಸುತ್ತಿದ್ದ ನನ್ನ ಪರದೆಗೆ!

“ನನ್ನ ಪದಕ್ಕೆ ಬೆಲೆಯೇ ಇಲ್ಲವೇ?” ಎಂದೆ.

“ನಿಮ್ಮ ಪದಕ್ಕೆ ಅರ್ಧ ಗಂಟೆ ತಾಳ್ಮೆ ಇರುತ್ತೆ ಮೇಷ್ಟ್ರೇ. ಆರೈಕೆ ಕೊಠಡಿಗೆ ಬಂದ ಮಗೂಗೆ ಇರುತ್ತಾ?”

ಸ್ವಿಚ್ಚಿದ್ದ ಬೀರು ಗ್ರಂಥಾಲಯದ ಉಗ್ರಾಣದಲ್ಲೇ ಇತ್ತು. ಅಕ್ಟೋಬರಿನ ರಜೆಯಲ್ಲಿ ಪುಸ್ತಕ ಜೋಡಿಸಬೇಕೆಂದು ಹೇಳಿ ನೀರಜಾ ಅವರಿಂದ ಬೀಗದ ಕೈಗೊಂಚಲನ್ನು ಪಡೆದೆ. ಬೀರು ತೆರೆದು ನೋಡಿದರೆ ಕೆಂಪು, ಹಳದಿ ತಂತಿಗಳ ಗೋಜಲು, ಕ್ರಮವೆಂಬುದೇ ಇಲ್ಲ! ಕೈ ತಡೆಯಲಿಲ್ಲ. ಎಲ್ಲವನ್ನೂ ಕಿತ್ತು, ಕೋಣೆಗಳ ಸಂಖ್ಯೆಯ ಕ್ರಮದಲ್ಲಿ ಅಂದವಾಗಿ ಜೋಡಿಸಿದೆ. ಗ್ರಂಥಾಲಯ ಒಂದನೆಯ ಕೋಣೆ — ಒಂದನೆಯ ಕಿಂಡಿಗೆ. ಆರೈಕೆ ಕೊಠಡಿ ನಲವತ್ತೆಂಟನೆಯದು — ಕಟ್ಟಕಡೆಗೆ. ನಗಬೇಡಿ. ಮೇಷ್ಟ್ರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು ಅದು.

ಏನೂ ಸುಡಲಿಲ್ಲ. ನಿಯಂತ್ರಕ ಪ್ರತಿಯೊಂದನ್ನೂ ಹೊಸದಾಗಿ ವಿಚಾರಿಸಿ, ಬೇಕಾದಷ್ಟೇ ಕೊಟ್ಟಿತು. ಹಾಗಾಗಿ ಯಾರಿಗೂ ತಿಳಿಯಲಿಲ್ಲ. ರಜೆ ಮುಗಿದ ಮೊದಲ ಶುಕ್ರವಾರ ನೀರಜಾ ಬ್ಯಾಟರಿಯ ವಾರದ ಪರೀಕ್ಷೆ ಮಾಡಿದರು. ಹೆಡ್‌ಟೀಚರ್, ಗುತ್ತಿಗೆದಾರ ಇಬ್ಬರೂ ಎದುರಿಗೇ ಇದ್ದರು. ಮುಖ್ಯ ಪ್ಲಗ್ಗನ್ನು ಎಳೆದರು. ನನ್ನ ಪದ ಪರದೆಯಲ್ಲಿ ಝಗಝಗಿಸುತ್ತಿತ್ತು. ಆರೈಕೆ ಕೊಠಡಿಯ ಫೋನು — ಸತ್ತಿತ್ತು.

ಗುತ್ತಿಗೆದಾರ ನಕ್ಕ. ಹೆಡ್‌ಟೀಚರ್, “ಡಿಸೆಂಬರಿನವರೆಗೂ ಕಾಯಬೇಕಾಗಿಲ್ಲ ಅನ್ನಿಸುತ್ತದೆ” ಎಂದರು. ನೀರಜಾ ಬೀರು ತೆರೆದು ಸಾಲಾಗಿ ನಿಂತ ತಂತಿಗಳನ್ನು ನೋಡಿದರು. ನನ್ನನ್ನು ನೋಡಿದರು. ಬೀರು ಮುಚ್ಚಿ ಹೊರಟರು.

ಕಾರಿಡಾರಿನಲ್ಲಿ ನಾನೇ ಬಾಯಿಬಿಟ್ಟೆ. “ತಪ್ಪು ನನ್ನದಮ್ಮಾ. ಈಗಲೇ ಹೋಗಿ ಹೇಳುತ್ತೇನೆ.”

“ಹೇಳಿ, ಬೇಡ ಅನ್ನಲ್ಲ. ಆದ್ರೆ ಅರ್ಧ ತಪ್ಪು ನಂದೂ ಸಾರ್. ಯಾಕೆ, ಏನು ಅಂತ ವಿಚಾರಿಸ್ದೆ ಇಡೀ ಬೀಗದ ಕೈಗೊಂಚಲು ಕೊಟ್ಬಿಟ್ಟೆ. ನನ್ನ ನಿಯಂತ್ರಕ ಆಗಿದ್ರೆ ಕೊಡ್ತಿರ್ಲಿಲ್ಲ!”

ಇಷ್ಟು ಹೇಳಿ ನಕ್ಕರು. ಹುದ್ದೆ ಕೈತಪ್ಪುವಂತಿದ್ದಾಗ ನಕ್ಕರು! ನಾನು ಹೆಡ್‌ಟೀಚರ್ ಕೋಣೆಗೆ ಹೋಗಿ, ನಿಂತುಕೊಂಡೇ ತಪ್ಪೊಪ್ಪಿಕೊಂಡೆ. ಅವರು ‘ಸರಿ, ಡಿಸೆಂಬರಿನವರೆಗೆ ನೋಡೋಣ’ ಎಂಬಷ್ಟಕ್ಕೆ ಬಂದರು, ಅಷ್ಟೇ. ನೀರಜಾ ಅಂದೇ ತಂತಿಗಳನ್ನು ಒಂದೊಂದಾಗಿ ಅದದರ ಕಿಂಡಿಗೆ ಮರಳಿಸಿದರು. ನಾನು ಪಕ್ಕದಲ್ಲಿ ಕೂತು ಚೀಟಿ ಬರೆದು ಅಂಟಿಸಿದೆ.

ನವೆಂಬರಿನ ಕೊನೆಯ ಗುರುವಾರ, ಮಧ್ಯಾಹ್ನ ಮೂರು ಗಂಟೆ. ರಸ್ತೆ ಅಗೆಯುತ್ತಿದ್ದವರು ನೆಲದೊಳಗಿನ ಕೇಬಲ್ಲನ್ನು ಕಡಿದರು. ಇಡೀ ಬೀದಿಯ ವಿದ್ಯುತ್ ಹೋಯಿತು. ಗ್ರಂಥಾಲಯದಲ್ಲಿದ್ದ ನಾನು ತಿರುಗಿ ನೋಡಿದೆ. ನನ್ನ ಪದ ಆರಿಹೋಗಿತ್ತು — ಎಲ್ಲಕ್ಕಿಂತ ಮೊದಲು. ಬಂಧುಗಳೇ, ಒಂದು ಪದ ಅಳಿಸಿಹೋದದ್ದಕ್ಕೆ ನಾನು ಹಿಗ್ಗಿದ್ದು ಅಂದು ಮಾತ್ರ; ಆ ಮೊದಲೂ ಹಿಗ್ಗಿಲ್ಲ, ಆಮೇಲೂ ಹಿಗ್ಗಿಲ್ಲ!

ಅದೇ ಹೊತ್ತಿಗೆ ನೆಲಮಾಳಿಗೆಯಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು, ಸ್ಮೃತಿ, ಆಸ್ತಮಾ ಹೆಚ್ಚಾಗಿ ಉಸಿರಿಗೆ ಒದ್ದಾಡುತ್ತಿದ್ದಳು. ಇನ್‌ಹೇಲರ್ ಕೆಲಸ ಮಾಡುತ್ತಿರಲಿಲ್ಲ. ಅಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ನಮ್ಮ ನರ್ಸ್ ಕಲ್ಯಾಣಿ ಕತ್ತಲಲ್ಲಿ ಗೋಡೆಯ ಫೋನನ್ನು ತಡವಿ ಎತ್ತಿದರು. ಫೋನಿಗೆ ಜೀವವಿತ್ತು. ಆಂಬ್ಯುಲೆನ್ಸ್ ಬಂದಾಗ ಗೇಟು ತೆರೆಯಿತು. ಮೆಟ್ಟಿಲಿಳಿಯುತ್ತ ನೀರಜಾ ಟಾರ್ಚು ಹಿಡಿದು ಕೂಗುತ್ತಿದ್ದುದು ನನಗಿನ್ನೂ ಕೇಳುತ್ತದೆ: “ದಾರಿ ಬಿಡಿ! ಮೇಷ್ಟ್ರೇ, ನೀವೂ!”

ಮರುದಿನ ಹೆಡ್‌ಟೀಚರ್ ಎಲ್ಲ ಶಿಕ್ಷಕರ ಮುಂದೆ ಗುತ್ತಿಗೆದಾರನ ಕರಾರಿನ ಕಾಗದವನ್ನು ಎರಡಾಗಿ ಹರಿದರು. ವರ್ಷ ತುಂಬುವುದರೊಳಗೆ ಸುತ್ತಲಿನ ಇನ್ನೂ ನಾಲ್ಕು ಶಾಲೆಗಳು ನೀರಜಾ ಅವರನ್ನು ಕರೆಸಿಕೊಂಡವು. ಅಲ್ಲೆಲ್ಲ ಆಕೆಯ ಮೊದಲ ಪ್ರಶ್ನೆ ಒಂದೇ ಆಗಿತ್ತು: “ಇಲ್ಲಿ ಮಕ್ಕಳಿಗೆ ಹುಷಾರಿಲ್ದಿದ್ರೆ ಎಲ್ಲಿ ಮಲಗಿಸ್ತೀರಿ?”

ಭಾರ್ಗವ ಅವರೇ, ಧೃತಿ — ನಿಮ್ಮ ಮನೆಯ ನಷ್ಟವನ್ನು ನನ್ನ ಮಾತು ತುಂಬಲಾರದು. ಆದರೆ ದಯವಿಟ್ಟು ಒಮ್ಮೆ ಹಿಂತಿರುಗಿ ನೋಡಿ. ಮೂರನೆಯ ಸಾಲು, ನೀಲಿ ಕೋಟು. ಏಳಮ್ಮಾ ಸ್ಮೃತಿ, ಸಂಕೋಚ ಬೇಡ. ಹತ್ತೊಂಬತ್ತು ವರ್ಷ. ಸೆಪ್ಟೆಂಬರಿನಿಂದ ನರ್ಸಿಂಗ್ ಓದುತ್ತಿದ್ದಾಳೆ.

ಅವಳು ಎದ್ದು ನಿಂತಿದ್ದಾಳೆ. ನಾವೂ ಏಳೋಣ. ಒಂದು ನಿಮಿಷ ಯಾರೂ ಮಾತಾಡುವುದು ಬೇಡ. ಈ ಸಭಾಂಗಣದಲ್ಲಿ ಉಸಿರಾಟದ ಸದ್ದೊಂದೇ ಇರಲಿ — ಅವಳದೂ ಸೇರಿ.