ಸ್ನೇಹಲ್ ಹಿಡಿದು ನಿಂತ ಲೋಟ

ಇದು ನನ್ನ ಸೋದರಮಾವನ ಮಗ ಮಾಲತೇಶನಿಗೆ ಆದದ್ದು. ದೇವರ ಮುಂದೆ ದೀಪ ಹಚ್ಚಿಟ್ಟು ಹೇಳುತ್ತಿದ್ದೇನೆ, ಒಂದು ಮಾತೂ ಸೇರಿಸುವುದಿಲ್ಲ.

ಹೋದ ಕಾರ್ತೀಕದಲ್ಲಿ ಒಂದು ರಾತ್ರಿ... ಕೊನೆಯ ಬಸ್ಸಿಳಿದು ಶಿರಗುಪ್ಪಿಯ ನಮ್ಮ ಮನೆಗೆ ನಡೆದು ಬರುತ್ತಿದ್ದ. ಧಾರವಾಡದ ಮಾಳಮಡ್ಡಿಯಲ್ಲಿ ಕರುಣಾ ಟೀಚರ ಬಾಗಿಲವರೆಗೆ ಹೋಗಿ, ಗಂಟೆ ಒತ್ತದೆ ತಿರುಗಿದ್ದ.

ಕರುಣಾ ಅವರ ಮಗಳು ಸ್ನೇಹಲ್ ಇವನ ಹತ್ತಿರ ವಿಮಾನ ಹಾರಿಸಲು ಕಲಿಯುತ್ತಿದ್ದಳು. ಹಾರುವ ಮುಂಚೆ ರೆಕ್ಕೆಯ ಕೆಳಗಿನ ತೂತಿಗೆ, ಮೊನೆಯಿರುವ ಒಂದು ಗಾಜಿನಂಥ ಲೋಟ ಒತ್ತಿ ಪೆಟ್ರೋಲು ಇಳಿಸಿ ನೋಡಬೇಕು. ನೀರು ಸೇರಿದ್ದರೆ ತಳದಲ್ಲಿ ಕಾಣುತ್ತದೆ. ನೋಡದೆ ಹಾರಿದರೆ ಎಂಜಿನ್ ಆಕಾಶದಲ್ಲೇ ಬಂದ್. ಇದನ್ನು ಕಲಿಸಿದವನೂ ಇವನೇ. ಆ ದಿನ, ಹಿಂದಿನ ರಾತ್ರಿಯೆಲ್ಲ ಮಳೆ. ಅವಳು ಲೋಟ ಹಿಡಿದು ಹೊರಟರೆ, ಹೊತ್ತಾಯಿತೆಂದು ಇವನು, "ನಾ ನೋಡೀನಿ, ನೀ ಹತ್ತು" ಅಂದ.

ನೋಡಿರಲಿಲ್ಲ.

ಅವಳು ಒಬ್ಬಳೇ ಏರಿದಳು... ಬಿದ್ದಳು. ವಿಚಾರಣೆಯಲ್ಲಿ "ಆಕೆ ಚೆಕ್ ಮಾಡಲಿಲ್ಲ" ಎಂದು ಬರೆದುಕೊಟ್ಟ. ಈಗ ಇವನಿಗೆ ದೊಡ್ಡ ವಿಮಾನ, ಹೆಗಲ ಮೇಲೆ ಬಂಗಾರದ ಪಟ್ಟಿ. ಆ ತಾಯಿಗೆ ಓಣಿಯವರ ಮಾತು: "ನಿಮ್ಮ ಹುಡುಗೀದೇ ತಪ್ಪಂತಲ್ಲರಿ?"

ನನ್ನೊಬ್ಬಳ ಮುಂದೆ ಒಪ್ಪಿಕೊಂಡಿದ್ದ. "ಹೋಗಿ ಖರೇ ಹೇಳಿ ಬಾ ತಮ್ಮಾ," ಎಂದು ಹಣೆಗೆ ಮೈಲಾರಲಿಂಗನ ಭಂಡಾರದ ಅರಿಶಿನ ಹಚ್ಚಿ ಮಾಳಮಡ್ಡಿಗೆ ಕಳಿಸಿದ್ದೆ.

"ಲೈಸೆನ್ಸ್ ಹೋಗ್ತೈತಿ ಅಕ್ಕಾ."

"ಹೋಗ್ಲಿ ಬಿಡೊ. ಅಕಿ ಜೀವಾನ ಹೋತಲ್ಲ?"

ಊರ ಹೊರಗಿನ ಆಲದ ಕೆಳಗೆ ಬಾವಿ. ಬತ್ತಿ ಎಷ್ಟೋ ವರ್ಷವಾಯಿತು. ಆ ರಾತ್ರಿ ಅವನು ಅಲ್ಲಿಗೆ ಬಂದಾಗ... ಟಕ್... ಚುರ್ರ್... ಟಕ್... ಚುರ್ರ್...

ಲೋಟದ ಮೊನೆಯನ್ನು ರೆಕ್ಕೆಯ ತೂತಿಗೆ ಒತ್ತಿದಾಗ ಆಗುವ ಸದ್ದು. ಅವನಿಗಲ್ಲದೆ ನಮ್ಮೂರಲ್ಲಿ ಯಾರಿಗೆ ಗೊತ್ತು?

ಬಾವಿಕಟ್ಟೆಯ ಮೇಲೆ ಬೆನ್ನು ಮಾಡಿ ಯಾರೋ ಕೂತಿದ್ದರು.

"ಸರ್..." ಪಿಸುದನಿ. "ಹೊತ್ತಾಗಾಕತ್ತೈತೇನ್ರಿ?"

ಮುಖ ತಿರುಗಲಿಲ್ಲ. ಕೈಯೊಂದೇ ಹಿಂದಕ್ಕೆ ಚಾಚಿತು. ಕೈಯಲ್ಲಿ ಲೋಟ.

"ನೀರು ಐತೇನು ನೋಡ್ರಿ, ಸರ್."

ಅವನು ಕಣ್ಣು ಮುಚ್ಚಿದ. ಮುಚ್ಚಿಕೊಂಡೇ ಅಂದ... "ನೋಡೀನಿ."

ಠಕ್. ಕಲ್ಲಿನ ಮೇಲೆ ಲೋಟ ಇಟ್ಟ ಸದ್ದು. ಆಮೇಲೆ ಏನೂ ಇಲ್ಲ.

ಓಡಿ ಬಂದು ನನ್ನ ದೇವರಕೋಣೆಯ ಹೊಸ್ತಿಲಲ್ಲಿ ಬಿದ್ದ. "ಮತ್ತ ಸುಳ್ಳು ಹೇಳಿದೆ ಅಕ್ಕಾ..." ಅಷ್ಟು ಅತ್ತವನು, ಬೆಳಗಾಗುವ ಮೊದಲೇ ಡ್ಯೂಟಿ ಇದೆಯೆಂದು ಇಸ್ತ್ರಿ ಅಂಗಿ ತೊಟ್ಟು ಹೊರಟುಹೋದ. ಈಗಲೂ ಹಾರಿಸುತ್ತಾನೆ. ಆ ವಿಮಾನದಲ್ಲಿ ಕೂತವರಿಗಾಗಿ ದಿನಾ ಒಂದು ದೀಪ ಇಡುತ್ತೇನೆ. ಅವನ ಹೆಸರಲ್ಲಿ ಇಡಲು ಮಾತ್ರ ಕೈ ಬಂದಿಲ್ಲ. ಮೈಲಾರಲಿಂಗ ನನ್ನನ್ನು ಕ್ಷಮಿಸಲಿ.

ಅವನು ಹೊರಟುಹೋದ ಆ ಬೆಳಿಗ್ಗೆಯೇ ನಾನು ಬಾವಿಗೆ ಹೋದೆ. ಕಟ್ಟೆಯ ಮೇಲೆ ಲೋಟವಿತ್ತು. ಮೇಲೆ ತಿಳಿನೀಲಿ ಪೆಟ್ರೋಲು, ತಳದಲ್ಲಿ ಎರಡು ಬೆರಳು ನೀರು. ಸೆರಗಿನಲ್ಲಿ ಮುಚ್ಚಿಕೊಂಡು ಮಾಳಮಡ್ಡಿಗೆ ಒಯ್ದೆ. ಗಂಟೆ ಒತ್ತಿದೆ. ಎಲ್ಲ ಹೇಳಿದೆ.

ಕರುಣಾ ಅಳಲಿಲ್ಲ. ಲೋಟದ ಮೇಲೆ ಗೀಚಿದ್ದ ಹೆಸರನ್ನು ಬೆರಳಿಂದ ಸವರಿದರು.

"ಇದು ಅಕೀದ್ರಿ. ಸಾಮಾನಿನ ಜೋಡಿ ಕಳಿಸಿದ್ರು. ಒಳಗ ಇಟ್ಟೇನಲ್ಲ... ನಿನ್ನೆ ಸಂಜಿಗೂ ಒರಿಸಿಟ್ಟೇನಿ."

ಇಬ್ಬರೂ ಒಳಗೆ ಹೋದೆವು. ಗೂಡಿನಲ್ಲಿ ಬುದ್ಧನ ಮೂರ್ತಿ, ಪಕ್ಕದಲ್ಲಿ ಸ್ನೇಹಲ್‌ಳ ಫೋಟೊ. ನಡುವೆ ಲೋಟವಿರಲಿಲ್ಲ. ಅದರ ತಳದಷ್ಟೇ ಅಗಲದ ಒಂದು ದುಂಡನೆಯ ಗುರುತು ಇತ್ತು.

ಬೆರಳಿಟ್ಟು ನೋಡಿದೆ. ಒದ್ದೆ ಇತ್ತು. ನಾನು ನೋಡೀನಿ.