ಗುರುಶಾಂತಪ್ಪನವರಿಗೆ ನಾನು ಕಳಿಸಿದ ಸುಳ್ಳು ಸಂದೇಶ

ನಾನು ವೇದಾ, ಕೇಶವಮೂರ್ತಿಯವರ ಮಗಳು, ವಯಸ್ಸು 44, ಸೈಬರ್ ಭದ್ರತೆಯ ಸರ್ಕಾರಿ ನೌಕರಿ, ವಾಸ ಎಲಿಕಾಟ್ ಸಿಟಿ, ಮೇರಿಲ್ಯಾಂಡ್. ಕಾಣೆಯಾದ ಗುರುಶಾಂತಪ್ಪನವರ ಪತ್ನಿ ಚನ್ನಮ್ಮನವರಿಗೂ ಅರ್ಥವಾಗಲೆಂದು ಕನ್ನಡದಲ್ಲಿ (ಜೊತೆಗೆ ಇಂಗ್ಲಿಷ್ ಅನುವಾದವಿದೆ), ನಾನಾಗಿಯೇ ಪೊಲೀಸರಿಗೆ ತಿಳಿಸುವುದೇನೆಂದರೆ,

ನಾನು ಎಂಟು ವರ್ಷ ಅಮೆರಿಕದ ಸೇನೆಯ ಸೈಬರ್ ವಿಭಾಗದಲ್ಲಿ, ಜಾರ್ಜಿಯಾದಲ್ಲಿದ್ದೆ. ಒಂಬತ್ತು ವರ್ಷಗಳಿಂದ ಸರ್ಕಾರಿ ಕಚೇರಿಯಲ್ಲಿದ್ದೇನೆ. ಭಾನುವಾರಗಳಂದು ಕನ್ನಡ ಬಳಗದ ಹಿರಿಯರಿಗೆ, ಫೋನಿನಲ್ಲಿ ಮೋಸ ಹೋಗದಂತೆ ಪಾಠ ಹೇಳುತ್ತೇನೆ. ಗುರುಶಾಂತಪ್ಪನವರು, ವಯಸ್ಸು 74, ಆ ತರಗತಿಗೆ ಬರುವವರು. ವಿಸಿಟರ್ ವೀಸಾದಲ್ಲಿ ಬಂದು, ನನ್ನ ಮನೆಯಿಂದ ಅರ್ಧ ಮೈಲಿ ದೂರದಲ್ಲಿ ಮಗ ರೋಹಿತನ ಜೊತೆ ಇದ್ದಾರೆ.

ಕಚೇರಿಯಲ್ಲಿ ನಾವು ನೌಕರರಿಗೆ ಹೇಳದೆ ಸುಳ್ಳು ಸಂದೇಶ ಕಳಿಸಿ ಪರೀಕ್ಷಿಸುತ್ತೇವೆ. ಅದರಲ್ಲಿನ ಲಿಂಕ್ ಒತ್ತಿದವರಿಗೆ 'ಇದು ಪರೀಕ್ಷೆ' ಎಂಬ ಪುಟ ತೆರೆಯುತ್ತದೆ, ಅವರು ಪೆಚ್ಚಾಗಿ ನಗುತ್ತಾರೆ. ಅದನ್ನೇ ಹಿರಿಯರ ಮೇಲೂ ಮಾಡಿದೆ. ಇಂದು ಬೆಳಿಗ್ಗೆ 10:05ಕ್ಕೆ, ನಿಮ್ಮ ವೀಸಾದಲ್ಲಿ ತಪ್ಪಿದೆ, ಇಂದೇ ಅಧಿಕಾರಿಗಳು ಮನೆಗೆ ಬರುತ್ತಾರೆ, ವಿವರಕ್ಕೆ ಇಲ್ಲಿ ಒತ್ತಿ ಎಂದು ಕಳಿಸಿದೆ. ಹೆದರಿಸುವ ಮಾತನ್ನು ಕನ್ನಡದಲ್ಲಿ ಬರೆದಿದ್ದೆ. ಪರೀಕ್ಷೆ ಎಂದು ತಿಳಿಸುವ ಪುಟವನ್ನು ಕಚೇರಿಯ ನಮೂನೆಯಂತೆ ಇಂಗ್ಲಿಷಿನಲ್ಲೇ ಬಿಟ್ಟಿದ್ದೆ. ಗುರುಶಾಂತಪ್ಪನವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅದು ನನಗೆ ಗೊತ್ತಿತ್ತು.

10:12ಕ್ಕೆ ಅವರು ಒತ್ತಿದ್ದು ನನ್ನ ಲ್ಯಾಪ್‌ಟಾಪಿನಲ್ಲಿ ಕಂಡಿತು. 10:15ರಿಂದ 10:31ರೊಳಗೆ ಮೂರು ಸಲ ನನಗೆ ಫೋನ್ ಮಾಡಿದರು. ಪರೀಕ್ಷೆಯ ನಡುವೆ ಉತ್ತರ ಹೇಳಿಕೊಡಬಾರದೆಂದು ನಾನು ಎತ್ತಲಿಲ್ಲ.

1:20ಕ್ಕೆ ರೋಹಿತ ಫೋನ್ ಮಾಡಿ, "ಅಪ್ಪಾಜಿ ವಾಕ್ ಹೋಗಿ ಎರಡೂವರಿ ತಾಸಾತ್ರಿ, ಫೋನ್ ಮನ್ಯಾಗ ಬಿಟ್ಟಾರ" ಎಂದ. ಅವರ ಮನೆಗೆ ಓಡಿ ಎಲ್ಲವನ್ನೂ ಒಪ್ಪಿಕೊಂಡೆ. 1:50ಕ್ಕೆ ಪೊಲೀಸರಿಗೆ ತಿಳಿಸಿದೆವು. ಹೊರಗೆ ಮೈನಸ್ ಮೂರು ಡಿಗ್ರಿ. ಅವರ ಕೋಟು ಗೂಟದಲ್ಲೇ ಇತ್ತು. 3:05ಕ್ಕೆ ಮನೆಯ ಹಿಂದಿನ ಕಾಡಿನಲ್ಲಿ, 300 ಅಡಿ ಒಳಗೆ, ಅವರ ಮಫ್ಲರ್ ಸಿಕ್ಕಿತು.

4:30ಕ್ಕೆ ಇಷ್ಟನ್ನೂ ಚನ್ನಮ್ಮನವರಿಗೆ ಓದಿ ಹೇಳಿದೆ. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ತಾನು ಈ ಮನೆಯಲ್ಲಿ ಸಿಕ್ಕರೆ ಮಗನ ಕೆಲಸಕ್ಕೆ ಕುತ್ತು ಬರುತ್ತದೆ ಎಂದು ಗಂಡ ಹೊರಡುವಾಗ ಗೊಣಗಿದ್ದರೆಂದೂ, ಆಗ ತಮಗೆ ಅರ್ಥವಾಗಲಿಲ್ಲವೆಂದೂ ಹೇಳಿದರು. ಆಮೇಲೆ ಕಿಟಕಿಯಾಚೆ ನಾಯಿ ಹಿಡಿದು ನಿಂತ ಪೊಲೀಸರನ್ನು ತೋರಿಸಿ, "ಅವ್ರು ಕೂಗಿದಷ್ಟೂ ಇವ್ರು ಒಳಗೊಳಗ ಅಡಗತಾರ. ನೀವು ಕರದ್ರ ಓ ಅಂತಾರವ್ವ. ನಿಮ್ಮ ಮ್ಯಾಲ ಭಾಳ ನಂಬಿಕಿ ಅವರಿಗೆ" ಎಂದರು.

ಆದ ಕಾರಣ ಪೊಲೀಸರು ಹಿಂದೆ ಸರಿದು, ನನ್ನನ್ನೂ ಚನ್ನಮ್ಮನವರನ್ನೂ ಕಾಡಿನೊಳಗೆ ಬಿಡಬೇಕೆಂದು ಬೇಡಿಕೊಳ್ಳುತ್ತೇನೆ. ಇನ್ನು ಅರ್ಧ ಗಂಟೆಯಲ್ಲಿ ಕತ್ತಲಾಗುತ್ತದೆ. ಹೇಳಿದ್ದೆಲ್ಲ ನಿಜ. ತಪ್ಪು ನನ್ನದೆಂದು ಒಪ್ಪಿ ಸಹಿ ಮಾಡಿದ್ದೇನೆ. ಬೇಗ ಬಿಡಿ.

ಸ್ಥಳ: ಎಲಿಕಾಟ್ ಸಿಟಿ
ದಿನಾಂಕ: 18-01-2025, ಸಂಜೆ 4:42
ಸಹಿ: ವೇದಾ